ನೆನಪು ಯಾರ ಪಾಲು? ಧರ್ಮ, ಸಮೂಹಸ್ಮೃತಿ ಮತ್ತು ಹೈದರಾಬಾದ್

ಹೈದರಾಬಾದಿನ ಹಳೇ ಪೇಟೆಯಲ್ಲಿ, ಮದೀನಾ ವೃತ್ತದ ಹತ್ತಿರ, ಬಾದಶಾಹಿ ಆಶೂರಖಾನ ಇದೆ. ಅಂಗಡಿ, ಆಟೋ, ಹಾರ್ನುಗಳ ಗದ್ದಲದಿಂದ ನಾಲ್ಕು ಹೆಜ್ಜೆ ಒಳಗೆ ಹೋದರೆ ಸಾಕು, ಸದ್ದು ಇಳಿಯುತ್ತದೆ. ಒಳಗೋಡೆಯ ತುಂಬ ಹಳದಿ, ನೀಲಿ, ಹಸಿರು ಮೆರುಗಿನ ಟೈಲುಗಳು. ಅವುಗಳ ನಡುವೆ ಉರಿಯುವ ಜ್ವಾಲೆಯಂತೆ ಮೇಲೆ ಚೂಪಾಗುವ ಅಲಂಗಳ ಆಕಾರ. ಅಲಂ ಎಂದರೆ ಮೊಹರಂನಲ್ಲಿ ನಿಲ್ಲಿಸುವ ಲೋಹದ ಲಾಂಛನ. ನಮ್ಮ ಕಡೆ ಪಂಜಾ ಎಂದೂ ಪೀರಲದೇವರು ಎಂದೂ ಕರೆಯುತ್ತೇವೆ. ಗೋಡೆಯ ಮೇಲ್ಭಾಗ ನೋಡಿದ ಕಣ್ಣನ್ನು ಹಾಗೆಯೇ ಕೆಳಗೆ ಇಳಿಸಿದರೆ ಒಂದು ಎತ್ತರಕ್ಕೆ ಬಂದಾಗ ಮೆರುಗು ಮುಗಿದು ಬಣ್ಣ ಶುರುವಾಗುತ್ತದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ಹೊಳೆ ಉಕ್ಕಿ ಊರನ್ನು ನುಂಗಿದಾಗ ಕೆಳಗಿನ ಟೈಲುಗಳು ಹಾಳಾದವು. ಆಮೇಲೆ ಅದೇ ವಿನ್ಯಾಸವನ್ನು ಬಣ್ಣದಲ್ಲಿ ಬರೆದು ತುಂಬಿದರು.

ಆ ಗೋಡೆಯನ್ನು ನೋಡುವಾಗಲೆಲ್ಲ ನನಗೆ ಅನಿಸುವುದು ಒಂದೇ. ಸಮಾಜವೊಂದು ನೆನಪಿಡುವ ಬಗೆಯೇ ಇದು. ಮೂಲದ ತುಣುಕು ಮೇಲೆ, ನಂತರದವರು ತಮ್ಮ ಕೈಯಿಂದ ತುಂಬಿದ್ದು ಕೆಳಗೆ. ದೂರದಿಂದ ನೋಡಿದರೆ ಎರಡೂ ಸೇರಿ ಒಂದೇ ಚಿತ್ರ. ಇತಿಹಾಸಕಾರ ಹತ್ತಿರ ಹೋಗಿ ಎರಡನ್ನೂ ಬೇರೆ ಮಾಡಿ ತೋರಿಸುತ್ತಾನೆ. ಭಕ್ತರು ಒಟ್ಟಾರೆ ಗೋಡೆಗೆ ಕೈಮುಗಿಯುತ್ತಾರೆ. ಈ ಇಬ್ಬರಿಗೂ ಆ ಗೋಡೆ ಬೇಕು.

ಧರ್ಮ ಮತ್ತು ಸಮೂಹದ ನೆನಪು ಹೇಗೆ ಒಂದನ್ನೊಂದು ಹೊತ್ತುಕೊಂಡು ನಡೆಯುತ್ತವೆ ಎಂಬ ಪ್ರಶ್ನೆಯನ್ನು ವಿದ್ವಾಂಸರು ಹೆಚ್ಚಾಗಿ ಯುರೋಪಿನ 16 ರಿಂದ 18ನೇ ಶತಮಾನಗಳನ್ನು ಮುಂದಿಟ್ಟುಕೊಂಡು ಚರ್ಚಿಸಿದ್ದಾರೆ. ಅದೇ ಶತಮಾನಗಳಲ್ಲಿ ದಖ್ಖನ್ನಿನಲ್ಲಿ ಏನು ನಡೆಯಿತು, ಇವತ್ತಿಗೆ ಅದರಲ್ಲಿ ಏನು ಉಳಿಯಿತು ಎಂಬುದನ್ನು ಹೈದರಾಬಾದನ್ನು ನಡುವಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಯುರೋಪು ಕೇಳಿದ ಪ್ರಶ್ನೆ

ಸಮೂಹಸ್ಮೃತಿ ಎಂಬ ಮಾತಿಗೆ ಶಾಸ್ತ್ರದ ಬಲ ತಂದವರು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮೊರೀಸ್ ಹಾಲ್ಬ್‌ವಾಕ್ಸ್. 1925ರಲ್ಲಿ ಅವರು ಮಂಡಿಸಿದ ವಿಚಾರ ಸರಳ: ಮನುಷ್ಯ ಒಬ್ಬಂಟಿಯಾಗಿ ನೆನಪಿಡುವುದಿಲ್ಲ, ಮನೆ, ವರ್ಗ, ಧರ್ಮ ಒದಗಿಸುವ ಚೌಕಟ್ಟಿನೊಳಗೆ ನೆನಪಿಡುತ್ತಾನೆ. 1941ರಲ್ಲಿ ಅವರು ಇನ್ನೊಂದು ಪುಸ್ತಕ ಬರೆದರು. ಯೇಸುವಿನ ಬದುಕಿನ ಸ್ಥಳಗಳೆಂದು ಪ್ಯಾಲೆಸ್ಟೈನಿನಲ್ಲಿ ಜನ ತೋರಿಸುವ ಜಾಗಗಳು ಶತಮಾನದಿಂದ ಶತಮಾನಕ್ಕೆ ಹೇಗೆ ಬದಲಾದವು ಎಂಬುದೇ ಅದರ ವಸ್ತು. ನಂಬಿಕೆಗೆ ನೆಲ ಬೇಕು, ನೆಲ ಸಿಗದಿದ್ದರೆ ನಂಬಿಕೆ ತಾನೇ ನೆಲವನ್ನು ಗುರುತು ಮಾಡಿಕೊಳ್ಳುತ್ತದೆ ಎಂದು ಅದು ತೋರಿಸಿಕೊಟ್ಟಿತು. ಇದನ್ನು ಬರೆದ ಹಾಲ್ಬ್‌ವಾಕ್ಸ್ 1945ರಲ್ಲಿ ನಾಜಿಗಳ ಬುಖೆನ್‌ವಾಲ್ಡ್ ಶಿಬಿರದಲ್ಲಿ ತೀರಿಕೊಂಡರು.

ಅವರ ನಂತರ ಜರ್ಮನಿಯ ಯಾನ್ ಅಸ್ಮಾನ್ ಇನ್ನೊಂದು ಗೆರೆ ಎಳೆದರು. ಬಾಯಿಂದ ಬಾಯಿಗೆ ಹೋಗುವ ನೆನಪು ಮೂರು ತಲೆಮಾರಿಗೆ ತೀರುತ್ತದೆ. ಅದಕ್ಕಿಂತ ಹೆಚ್ಚು ಬಾಳಬೇಕಾದರೆ ಹಬ್ಬ, ಆಚರಣೆ, ಗ್ರಂಥ, ಕಟ್ಟಡಗಳ ಆಸರೆ ಬೇಕು. ಡಚ್ ಇತಿಹಾಸಕಾರ್ತಿ ಯೂಡಿತ್ ಪೋಲ್ಮನ್ 2017ರ ಪುಸ್ತಕದಲ್ಲಿ 1500 ರಿಂದ 1800ರ ವರೆಗಿನ ಯುರೋಪಿನ ನೆನಪಿನ ರೂಢಿಗಳನ್ನು ಒಟ್ಟಾಗಿ ಪರಿಶೀಲಿಸಿದರು.

ಆ ಯುರೋಪಿನಲ್ಲಿ ನೆನಪು ಎಂಬುದು ರಾಜಕಾರಣವೇ ಆಗಿತ್ತು. ಇಂಗ್ಲೆಂಡಿನಲ್ಲಿ 1536 ರಿಂದ 1540ರ ಒಳಗೆ ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದ. ಹಾಳುಬಿದ್ದ ಆ ಗೋಡೆಗಳೂ ಊರಾಚೆಯ ಪವಿತ್ರ ಬಾವಿಗಳೂ ಹಳೆಯ ಭಕ್ತಿಯ ಕಥೆಗಳನ್ನು ಹೇಗೆ ಬಚ್ಚಿಟ್ಟುಕೊಂಡು ಉಳಿದವು ಎಂದು ಇತಿಹಾಸಕಾರ್ತಿ ಅಲೆಕ್ಸಾಂಡ್ರಾ ವಾಲ್ಶಮ್ ವಿವರಿಸಿದ್ದಾರೆ. 1563ರಲ್ಲಿ ಜಾನ್ ಫಾಕ್ಸ್ ಪ್ರಾಟೆಸ್ಟೆಂಟ್ ಹುತಾತ್ಮರ ದೊಡ್ಡ ಚರಿತ್ರೆ ಅಚ್ಚು ಹಾಕಿಸಿದ. 1605ರಲ್ಲಿ ಸಂಸತ್ತನ್ನು ಸಿಡಿಸುವ ಕ್ಯಾಥೊಲಿಕರ ಸಂಚು ಬಯಲಾಯಿತು. ಮರುವರ್ಷವೇ ಕಾನೂನು ಮಾಡಿ ನವೆಂಬರ್ 5ನ್ನು ದೇವರಿಗೆ ಕೃತಜ್ಞತೆ ಸಲ್ಲಿಸುವ ದಿನವಾಗಿಸಿದರು. 1859ರ ವರೆಗೂ ಆ ಕಾನೂನು ಇತ್ತು. ಜರ್ಮನಿಯ ಪ್ರಾಟೆಸ್ಟೆಂಟರು 1617ರಲ್ಲಿ ಲೂಥರನ ಸುಧಾರಣೆಯ ಶತಮಾನೋತ್ಸವ ಮಾಡಿದರು. ಮರುವರ್ಷ ಮೂವತ್ತು ವರ್ಷಗಳ ಯುದ್ಧ ಹತ್ತಿಕೊಂಡಿತು.

ಫ್ರಾನ್ಸಿನದು ತದ್ವಿರುದ್ಧ ದಾರಿ. ದಶಕಗಳ ಧರ್ಮಯುದ್ಧದ ಕೊನೆಗೆ 1598ರಲ್ಲಿ ನಾಲ್ಕನೇ ಹೆನ್ರಿ ಹೊರಡಿಸಿದ ನಾಂತ್ ಶಾಸನದ ಮೊದಲ ಕಲಮೇ, ನಡೆದದ್ದನ್ನು ನಡೆಯದ ಹಾಗೆ ಮರೆಯಬೇಕು ಎಂದು ಆಜ್ಞೆ ಮಾಡಿತು. ಮರೆವೂ ಆಜ್ಞೆಯಾಗಿ ಹೊರಟಿತು! ಆದರೆ 1685ರಲ್ಲಿ ಹದಿನಾಲ್ಕನೇ ಲೂಯಿ ಆ ಶಾಸನವನ್ನೇ ರದ್ದು ಮಾಡಿದ. ಮರೆಯಿರಿ ಎಂದರೂ ಜನ ಮರೆತಿರಲಿಲ್ಲ, ಅರಸರೂ ಮರೆತಿರಲಿಲ್ಲ.

ಸಾವಿರದ ವರ್ಷದ ಊರು

ಇತ್ತ ದಖ್ಖನ್ನಿನಲ್ಲಿ, ಕುತುಬ್ ಶಾಹಿ ಸುಲ್ತಾನರ ಗೋಲ್ಕೊಂಡದಲ್ಲಿ ಅದೇ ಹೊತ್ತಿಗೆ ಒಂದು ಊರು ಹುಟ್ಟುತ್ತಿತ್ತು. ಐದನೆಯ ಸುಲ್ತಾನ ಮುಹಮ್ಮದ್ ಕುಲಿ ಕುತುಬ್ ಶಾಹ (ಆಳ್ವಿಕೆ 1580–1612) ಮೂಸಿಯ ದಕ್ಷಿಣ ದಂಡೆಯಲ್ಲಿ 1591ರಲ್ಲಿ ಹೈದರಾಬಾದಿಗೆ ಅಡಿಗಲ್ಲು ಹಾಕಿ ಚಾರ್‌ಮಿನಾರ್ ಎತ್ತಿಸಿದ. ಆ ವರ್ಷವೇ ಹಿಜರಿ ಲೆಕ್ಕದಲ್ಲಿ ಸಾವಿರದ ವರ್ಷ ಶುರುವಾಗುತ್ತಿತ್ತು. ಲೂಥರನ ಶತಮಾನೋತ್ಸವಕ್ಕೆ ಕಾಲು ಶತಮಾನ ಮೊದಲೇ, ಪಂಚಾಂಗದ ಒಂದು ದೊಡ್ಡ ಹೊಸ್ತಿಲ ಮೇಲೆ ನಿಂತು ಒಂದು ಊರನ್ನೇ ಕಟ್ಟಿದ ಅರಸ ಇವನು.

ಚಾರ್‌ಮಿನಾರ್ ಎದ್ದ ಬೆನ್ನಿಗೇ, 1592 ರಿಂದ 1596ರ ನಡುವೆ, ಬಾದಶಾಹಿ ಆಶೂರಖಾನ ಎದ್ದಿತು. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪ್ರವಾದಿಯ ಮೊಮ್ಮಗ ಹುಸೇನರು ತಮ್ಮ ಬಳಗದೊಂದಿಗೆ ಪ್ರಾಣ ಕೊಟ್ಟದ್ದನ್ನು ಹತ್ತು ದಿನ ಶೋಕದಿಂದ ನೆನೆಯುವ ಮನೆ ಅದು. ಗೋಡೆಯಲ್ಲಿ ಹತ್ತು ಸಾಲು ದೀಪದ ಗೂಡುಗಳಿದ್ದು, ದಿನಕ್ಕೊಂದು ಸಾಲು ಹೆಚ್ಚಿಸುತ್ತ ಹತ್ತನೇ ದಿನ ಹತ್ತು ಸಾವಿರ ದೀಪ ಹಚ್ಚುತ್ತಿದ್ದರೆಂಬ ವರ್ಣನೆ ಕುತುಬ್ ಶಾಹಿ ಕಾಲದಿಂದ ಬಂದಿದೆ. ದಿನ ಏರಿದಂತೆ ಬೆಳಕೂ ಏರುವ ಈ ಲೆಕ್ಕವನ್ನು ಓದು ಬಾರದವನೂ ಓದಬಲ್ಲ. ಅರಸ ತಾನೇ ದಖನಿಯಲ್ಲಿ ಮರ್ಸಿಯಾಗಳನ್ನು, ಶೋಕಗೀತೆಗಳನ್ನು ಬರೆದ. ಅದೇ ಕೈಯಿಂದ ವಸಂತದ ಹಬ್ಬದ ಮೇಲೂ ಕಟ್ಟಿದ.

ಆದರೆ ಕರ್ಬಲಾ ದೂರದ ನೆಲ. ಹಾಲ್ಬ್‌ವಾಕ್ಸ್ ಹೇಳಿದ್ದು ಇಲ್ಲಿ ಅಕ್ಷರಶಃ ನಡೆಯಿತು. ಊರಿನ ನಕ್ಷೆಯ ಹಿಂದಿದ್ದ ಪೇಶ್ವೆ, ಇರಾನಿನಿಂದ ಬಂದ ಮೀರ್ ಮೋಮಿನ್ ಅಸ್ತರಾಬಾದಿ, ಮಾಡಿಸಿದ ಗೋರಿಗಳ ಅಂಗಳ ಇಂದಿಗೂ ದಾಯಿರಾ ಮೀರ್ ಮೋಮಿನ್ ಎಂಬ ಹೆಸರಿನಲ್ಲಿದೆ. ಆ ಅಂಗಳಕ್ಕೆ ಕರ್ಬಲಾದ ಮಣ್ಣು ತರಿಸಿ ಹರಡಿದರೆಂಬುದು ಊರಿನ ನಂಬಿಕೆ. ಊರಿನ ಈಶಾನ್ಯಕ್ಕೆ ಮೌಲಾ ಅಲಿ ಬೆಟ್ಟ. ಇಬ್ರಾಹಿಂ ಕುತುಬ್ ಶಾಹನ ಆಸ್ಥಾನದ ಯಾಕೂತ್ ಎಂಬ ಖೋಜಾ 1578ರಲ್ಲಿ ಕನಸು ಕಂಡು ಬೆಟ್ಟ ಹತ್ತಿದಾಗ ಹಜರತ್ ಅಲಿಯ ಕೈಗುರುತು ಬಂಡೆಯ ಮೇಲೆ ಸಿಕ್ಕಿತೆಂಬ ಕಥೆಯೊಂದಿಗೆ ಆ ಬೆಟ್ಟ ಯಾತ್ರಾಸ್ಥಳವಾಯಿತು. ಕವಯಿತ್ರಿ ಮಾಹ್ ಲಕಾ ಬಾಯಿ ಚಂದಾ (1768–1824) ಇದೇ ಬೆಟ್ಟದ ಬುಡದಲ್ಲಿ ಮಲಗಿದ್ದಾಳೆ.

ಯುರೋಪಿನಲ್ಲೂ ಇದೇ ನಡೆದಿತ್ತು. 15ನೇ ಶತಮಾನದ ಕೊನೆಯಲ್ಲಿ ಇಟಲಿಯ ಆಲ್ಪ್ಸ್ ತಪ್ಪಲಿನ ವರಾಲ್ಲೊ ಬೆಟ್ಟದ ಮೇಲೆ ಜೆರುಸಲೇಮಿನ ಸ್ಥಳಗಳನ್ನು ಒಂದೊಂದಾಗಿ ಕಟ್ಟಿದರು. ದೂರದ ಯಾತ್ರೆ ಮಾಡಲಾಗದವನಿಗೆ ಯಾತ್ರೆಯೇ ಊರಿಗೆ ಬಂದಿತು. ಬೆಟ್ಟವೊಂದು ಇನ್ನೊಂದು ನೆಲದ ನೆನಪನ್ನು ಹೊರುವುದು ವರಾಲ್ಲೊದಲ್ಲೂ ಮೌಲಾ ಅಲಿಯಲ್ಲೂ ಒಂದೇ ಬಗೆ.

ಅರಸು ಹೋದ ಮೇಲೆ

1687ರ ಸೆಪ್ಟೆಂಬರಿನಲ್ಲಿ, ಎಂಟು ತಿಂಗಳ ಮುತ್ತಿಗೆಯ ನಂತರ ಗೋಲ್ಕೊಂಡ ಔರಂಗಜೇಬನ ಕೈಸೇರಿತು. ಕೊನೆಯ ಸುಲ್ತಾನ ಅಬುಲ್ ಹಸನ್ ತಾನಾಶಾಹ ದೌಲತಾಬಾದಿನ ಕೋಟೆಯಲ್ಲಿ ಸೆರೆಯಾಳಾಗಿ ಉಳಿದು ಅಲ್ಲೇ ಸತ್ತ. ಬಾದಶಾಹಿ ಆಶೂರಖಾನಕ್ಕೆ ದಿಕ್ಕಿಲ್ಲದಾಯಿತು. ಅದು ಗಾಡಿ ನಿಲ್ಲಿಸುವ ಜಾಗವಾಗಿತ್ತೆಂದು ಹೇಳುತ್ತಾರೆ. ಸುಮಾರು ನೂರು ವರ್ಷದ ನಂತರ ಹೈದರಾಬಾದಿನ ಎರಡನೇ ನಿಜಾಮ ನಿಜಾಂ ಅಲಿ ಖಾನ್ ಅದನ್ನು ಜೀರ್ಣೋದ್ಧಾರ ಮಾಡಿಸಿ, ಮುಂದೆ ಮರದ ಕಂಬಗಳ ಸಾಲು ಸೇರಿಸಿದ. ನಿಜಾಮರು ಸುನ್ನಿಗಳು, ಶಿಯಾ ಅರಸರ ಶೋಕದ ಮನೆಯನ್ನು ಅವರು ಎತ್ತಿ ನಿಲ್ಲಿಸಿದರು.

ಆ ನೂರು ವರ್ಷ ಮೊಹರಂ ಎಲ್ಲಿತ್ತು? ಇಡೀ ಸಮೀಕ್ಷೆಯಲ್ಲಿ ನನಗೆ ಬಹಳ ಮುಖ್ಯ ಎನಿಸಿದ ಪ್ರಶ್ನೆ ಇದು. ಅರಮನೆಯಲ್ಲಿ ದೀಪ ಆರಿದಾಗ ಅದು ಮನೆಗಳಲ್ಲಿ, ಕೇರಿಗಳಲ್ಲಿ, ಹಳ್ಳಿಗಳಲ್ಲಿ ಉಳಿದಿತ್ತು. ಹರಕೆಯ ರೂಪದಲ್ಲಿ ಉಳಿದಿತ್ತು.

ಹರಕೆಯ ಒಂದು ಕಥೆ ಹೈದರಾಬಾದಿನಲ್ಲಿ ಎಲ್ಲರಿಗೂ ಗೊತ್ತು. ಮುಹಮ್ಮದ್ ಕುಲಿಯ ಮಗಳು ಹಯಾತ್ ಬಕ್ಷಿ ಬೇಗಂ. ಅವಳ ಮಗ, ರಾಜಕುಮಾರ ಅಬ್ದುಲ್ಲಾನನ್ನು ಹೊತ್ತ ಆನೆ ಮದವೇರಿ ಕಾಡಿಗೆ ನುಗ್ಗಿತು. ಮಗ ಸುಖವಾಗಿ ಬಂದರೆ ಆನೆಯ ಸರಪಳಿಯಷ್ಟೇ ತೂಕದ ಚಿನ್ನದ ಸರಪಳಿಯನ್ನು ಹುಸೇನಿ ಅಲಂಗೆ ಒಪ್ಪಿಸುತ್ತೇನೆಂದು ತಾಯಿ ಹರಕೆ ಹೊತ್ತಳು. ಮಗ ಬಂದ, ತಾಯಿ ಹರಕೆ ತೀರಿಸಿದಳು. ಸರಪಳಿಗೆ ಲಂಗರ್ ಎನ್ನುತ್ತಾರೆ. ಅದರಿಂದ ಲಂಗರ್ ಮೆರವಣಿಗೆ ಹುಟ್ಟಿತು. ಕುತುಬ್ ಶಾಹಿಗಳು ಹೋದರೂ ಮೆರವಣಿಗೆ ಹೋಗಲಿಲ್ಲ. ನಿಜಾಮರ ಕಾಲಕ್ಕೆ ಅದು ಮೊಹರಂ ಐದನೇ ದಿನ ಸೈನ್ಯವೆಲ್ಲ ಹೊರಡುವ ರಾಜ್ಯದ ಮೆರವಣಿಗೆಯಾಯಿತು. ಒಬ್ಬ ತಾಯಿಯ ಅಳಲು ಎರಡು ರಾಜವಂಶಗಳನ್ನು ದಾಟಿತು.

ದಬೀರಪುರದ ಬೀಬಿ ಕಾ ಅಲಾವಾದಿಂದ ಇಂದಿಗೂ ಮೊಹರಂ ಹತ್ತರಂದು ಆನೆಯ ಮೇಲೆ ಬೀಬಿ ಕಾ ಅಲಂ ಹೊರಡುತ್ತದೆ. ಪ್ರವಾದಿಯ ಮಗಳು ಫಾತಿಮಾ ಅವರ ನೆನಪಿನ ಈ ಅಲಂ ಮೊದಲು ಹಯಾತ್ ಬಕ್ಷಿ ಬೇಗಂ ಕಾಲದಲ್ಲಿ ಗೋಲ್ಕೊಂಡದಲ್ಲಿ ನಿಂತಿತ್ತು, ಆಮೇಲೆ ದಬೀರಪುರಕ್ಕೆ ಬಂತು. ಚಾರ್‌ಮಿನಾರ್ ಹಾದು ಮೂಸಿಯ ದಂಡೆಯ ಚಾದರಘಾಟಿನವರೆಗೆ ಜನಸಾಗರ. ಮುಂದೆ ಎದೆ ಬಡಿದುಕೊಳ್ಳುತ್ತ ಸಾಗುವ ಮಾತಮಿ ಸಂಘಗಳು. ಅಮೆರಿಕದ ವಿದ್ವಾಂಸ ಡೇವಿಡ್ ಪಿನಾಲ್ಟ್ 1992ರ ಪುಸ್ತಕದಲ್ಲಿ ಈ ಸಂಘಗಳ ಒಳ ಏರ್ಪಾಟನ್ನೇ ಅಧ್ಯಯನ ಮಾಡಿದರು. ವಿದ್ವಾಂಸೆ ಕ್ಯಾರನ್ ರಫಲ್ ಹೈದರಾಬಾದಿನ ಮನೆಗಳ ಒಳಗೆ ಹೋಗಿ, ಏಳನೇ ದಿನ ಕಾಸಿಂನ ಮೆಹಂದಿಯಲ್ಲಿ ಹೆಂಗಸರು ಏನನ್ನು ನೆನೆಯುತ್ತಾರೆಂದು ಬರೆದರು. ಕರ್ಬಲಾದ ಯುದ್ಧಭೂಮಿಯಲ್ಲೇ ಮದುವೆಯಾಗಿ ಅಂದೇ ಸತ್ತ ಮದುಮಗ ಕಾಸಿಂ. ಈ ಮದುವೆ ನಡೆದೇ ಇರಲಿಲ್ಲ ಎನ್ನುವ ಪಂಡಿತರು ಬಹಳ. ಆದರೆ ಅಳಿಯಂದಿರನ್ನು, ಮಕ್ಕಳನ್ನು ಕಳೆದುಕೊಂಡ ಹೆಣ್ಣಿಗೆ ಕರ್ಬಲಾ ಅರ್ಥವಾದದ್ದು ಆ ಮೆಹಂದಿಯ ಮೂಲಕವೇ.

ಸೆರೆಮನೆ, ಮಂತ್ರಿಗಳು, ತಾಯಿ

ಗೋಲ್ಕೊಂಡದ ಕೋಟೆ ಹತ್ತಿದವರಿಗೆ ಒಂದು ಕತ್ತಲೆ ಕೋಣೆ ತೋರಿಸುತ್ತಾರೆ: ರಾಮದಾಸನ ಸೆರೆಮನೆ. ಗೋಡೆಯಲ್ಲಿ ರಾಮ, ಹನುಮಂತರ ಕೆತ್ತನೆ. ಪಾಲ್ವಂಚದ ತಹಸೀಲ್ದಾರ ಕಂಚರ್ಲ ಗೋಪನ್ನ ಕಂದಾಯದ ಹಣದಲ್ಲಿ ಭದ್ರಾಚಲದ ಗುಡಿ ಕಟ್ಟಿಸಿದ, ತಾನಾಶಾಹ ಅವನನ್ನು ಸೆರೆಗೆ ಹಾಕಿಸಿದ, ಕೊನೆಗೆ ರಾಮಲಕ್ಷ್ಮಣರೇ ಸುಲ್ತಾನನ ಬಳಿಗೆ ಬಂದು ಬಾಕಿ ಕಟ್ಟಿ ಬಿಡಿಸಿದರು. ಈ ಕಥೆಯಲ್ಲಿ ಸುಲ್ತಾನ ಖಳನಾಯಕನಾಗಬಹುದಿತ್ತು. ತೆಲುಗರ ನೆನಪು ಹಾಗೆ ಮಾಡಲಿಲ್ಲ. ಭಕ್ತನಿಗಿಂತ ಮೊದಲೇ ರಾಮನ ದರ್ಶನ ಪಡೆದ ಪುಣ್ಯವಂತನೆಂದು ಅದು ತಾನಾಶಾಹನನ್ನು ಉಳಿಸಿಕೊಂಡಿತು. ರಾಮನವಮಿಗೆ ಸರ್ಕಾರದ ಕಡೆಯಿಂದ ಭದ್ರಾಚಲಕ್ಕೆ ಮುತ್ತಿನ ತಲಂಬ್ರಾಲು, ಎಂದರೆ ಮದುವೆಯ ಅಕ್ಷತೆ, ಕಳಿಸುವ ಪದ್ಧತಿಯನ್ನು ಜನ ತಾನಾಶಾಹನಿಗೇ ಒಯ್ದು ಸೇರಿಸುತ್ತಾರೆ. ಆ ಸುಲ್ತಾನನ ಗುರು ಶಾಹ ರಾಜು ನಮ್ಮ ಕಲಬುರಗಿಯ ಬಂದೇ ನವಾಜರ ವಂಶದವರು ಎಂಬುದನ್ನೂ ಇಲ್ಲಿ ನೆನೆಯಬೇಕು.

ಅದೇ ತಾನಾಶಾಹನ ಮಂತ್ರಿಗಳು ಅಕ್ಕಣ್ಣ, ಮಾದಣ್ಣ ಸಹೋದರರು. 1686ರ ಮಾರ್ಚಿನಲ್ಲಿ ಗೋಲ್ಕೊಂಡದ ಬೀದಿಯಲ್ಲೇ ಅವರನ್ನು ಕೊಂದರು. ಇಂಥ ಕೊಲೆಯ ನೆನಪು ನಂಜಾಗಬಹುದಿತ್ತು. ಹಾಗಾಗಲಿಲ್ಲ. ಹಳೇ ಊರಿನ ಹರಿಬೌಲಿಯಲ್ಲಿ ಅವರ ಹೆಸರಿನ ಮಹಾಂಕಾಳಿ ಗುಡಿ ಇದೆ. ಆಷಾಢದ ಬೋನಾಲು ಹಬ್ಬದ ಕೊನೆಗೆ ಆ ಗುಡಿಯ ಘಟ ಆನೆಯ ಮೇಲೆ ಏರಿ, ಚಾರ್‌ಮಿನಾರ್ ಹಾದು, ಮೂಸಿಯ ನಯಾಪುಲ್ ಸೇರುತ್ತದೆ.

ಎರಡು ಮೆರವಣಿಗೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು ಫಾತಿಮಾರ ಅಲಂ, ಇನ್ನೊಂದು ಮಹಾಂಕಾಳಿಯ ಘಟ. ಎರಡಕ್ಕೂ ಆನೆ, ಎರಡಕ್ಕೂ ಚಾರ್‌ಮಿನಾರ್, ಎರಡಕ್ಕೂ ಕೊನೆ ಮೂಸಿ. ಊರಿನ ಬೀದಿಯೇ ಒಂದು ವ್ಯಾಕರಣ ಕಲಿಸಿದೆ. ಬೇರೆ ಬೇರೆ ಭಕ್ತಿಗಳು ಅದರಲ್ಲೇ ತಮ್ಮ ವಾಕ್ಯ ಕಟ್ಟುತ್ತವೆ.

ಬೋನಾಲುವಿಗೆ ತನ್ನದೇ ಒಂದು ನೆನಪಿದೆ. 1813ರಲ್ಲಿ ಊರಿಗೆ ಮಹಾಮಾರಿ ಬಡಿದಾಗ ಸಿಕಂದರಾಬಾದಿನ ದಂಡಿನಿಂದ ಉಜ್ಜಯಿನಿಗೆ ಹೋಗಿದ್ದ ಸುರಿಟಿ ಅಪ್ಪಯ್ಯ ಅಲ್ಲಿನ ಮಹಾಕಾಳಿಗೆ ಹರಕೆ ಹೊತ್ತ. ರೋಗ ಇಳಿಯಿತು, 1815ರಲ್ಲಿ ಅವನು ಮರದ ಮೂರ್ತಿ ತಂದು ನಿಲ್ಲಿಸಿದ. ಲಷ್ಕರ್ ಬೋನಾಲು ಇವತ್ತಿಗೂ ಆ ಸಾವುಗಳ ನೆನಪು, ಬದುಕಿದವರ ಕೃತಜ್ಞತೆ. ಕುಡಿಕೆಯಲ್ಲಿ ಅನ್ನ ಇಟ್ಟು ಬೇವಿನ ಸೊಪ್ಪು ಸಿಕ್ಕಿಸಿ ತಲೆಯ ಮೇಲೆ ಹೊತ್ತು ಬರುವ ಹೆಂಗಸು ಯಾವ ಗ್ರಂಥವನ್ನೂ ಓದಬೇಕಿಲ್ಲ. 2014ರಲ್ಲಿ ತೆಲಂಗಾಣ ಅದನ್ನು ರಾಜ್ಯದ ಹಬ್ಬ ಮಾಡಿತು. ವೆನಿಸ್ ನಗರ ಕೂಡ 1630ರ ಪ್ಲೇಗಿನಲ್ಲಿ ಹರಕೆ ಹೊತ್ತು ಮೇರಿಯಮ್ಮನಿಗೆ ಸಲೂಟೆ ಎಂಬ ಇಗರ್ಜಿ ಕಟ್ಟಿತು. ಪ್ರತಿ ನವೆಂಬರಿನಲ್ಲಿ ಜನ ಇಂದೂ ಅಲ್ಲಿಗೆ ನಡೆದು ಹೋಗುತ್ತಾರೆ. ರೋಗದ ಭಯ ಇಗರ್ಜಿಯನ್ನೂ ಗುಡಿಯನ್ನೂ ಒಂದೇ ಬಗೆಯಲ್ಲಿ ಕಟ್ಟಿಸಿದೆ.

ನೆನಪಿಗೂ ಇತಿಹಾಸಕ್ಕೂ ಜಗಳ ಆಗುವುದೂ ಉಂಟು. ಭಾಗಮತಿಯ ಕಥೆ ಅಂಥದ್ದು. ಮುಹಮ್ಮದ್ ಕುಲಿ ಪ್ರೀತಿಸಿದ ಆ ಹಿಂದೂ ನರ್ತಕಿಯ ಹೆಸರಿನಿಂದ ಊರು ಭಾಗನಗರ ಆಯಿತೆಂದು ಆ ಕಾಲದ ಇತಿಹಾಸಕಾರ ಫರಿಶ್ತಾನೇ ಬರೆದಿದ್ದಾನೆ. ಕುತುಬ್ ಶಾಹಿಗಳ ಇತಿಹಾಸ ಬರೆದ ಹಾರೂನ್ ಖಾನ್ ಶೇರ್ವಾನಿ ಆಧಾರಗಳನ್ನು ತೂಗಿ ನೋಡಿ ಇದನ್ನು ಒಪ್ಪಲಿಲ್ಲ. ವಿದ್ವಾಂಸರಾಗಿ ಅವರು ಮಾಡಿದ್ದು ಸರಿಯಾದ ಕೆಲಸ. ಆದರೂ ಭಾಗಮತಿ ಊರಿನ ಬಾಯಲ್ಲಿ ಸತ್ತಿಲ್ಲ. ಊರಿನ ಹುಟ್ಟಿನಲ್ಲಿ ಎರಡು ಧರ್ಮಗಳ ಒಲವಿತ್ತು ಎಂದು ನಂಬಲು ಜನಕ್ಕೆ ಆ ಹೆಸರು ಬೇಕಾಗಿದೆ.

ಕತ್ತಲ ರಾತ್ರಿ

ಹೈದರಾಬಾದಿನ ದೀಪದ ಬೆಳಕು ನಿಜಾಮರ ರಾಜ್ಯದ ಕನ್ನಡ ಜಿಲ್ಲೆಗಳಲ್ಲಿ ಏನಾಯಿತು ಎಂದು ನೋಡದೆ ಈ ಸಮೀಕ್ಷೆ ಮುಗಿಯುವುದಿಲ್ಲ. ಬೀದರ, ಕಲಬುರಗಿ, ರಾಯಚೂರು ಸೀಮೆಗಳು 1948ರ ವರೆಗೆ ನಿಜಾಮನ ಕೈಯಲ್ಲಿದ್ದವು. 1956ರಲ್ಲಿ ಮೈಸೂರು ರಾಜ್ಯ, ಅಂದರೆ ಇಂದಿನ ಕರ್ನಾಟಕ, ಸೇರಿದವು. ಇಲ್ಲಿ ಮೊಹರಂ ಅಂದರೆ ಅಲಾಯಿ ಹಬ್ಬ. ಬೀಬಿ ಕಾ ಅಲಾವಾದ ಅಲಾವಾ ಎಂಬ ಶಬ್ದಕ್ಕೆ ಬೆಂಕಿಯ ಕುಣಿ ಎಂದೇ ಅರ್ಥ. ನಮ್ಮ ಹಳ್ಳಿಯ ಅಲಾಯಿ ಕುಣಿಯೂ ಅದೇ.

ರಾಯಚೂರು ಕಡೆಯ ಒಂದು ಹಳ್ಳಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಚಂದ್ರ ಕಂಡ ಮೇಲೆ ಮಸೀದಿಯ ಮುಂದೆ ಗುದ್ದಲಿ ಹಾಕಿ ಕುಣಿ ಅಗೆಯುತ್ತಾರೆ. ಐದನೇ ದಿನಕ್ಕೆ ದೇವರು ಕೂಡುತ್ತವೆ: ಹಸೇನ್, ಹುಸೇನ್, ಮೌಲಾಲಿ, ಕಾಸಿಂ, ಬೀಬಿ ಫಾತಿಮಾ. ಹರಕೆ ಹೊತ್ತವರು ಕೊರಳಿಗೆ ಕೆಂಪು ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ. ಸಕ್ಕರೆ ಓದಿಸುತ್ತಾರೆ, ಮನೆಗಳಲ್ಲಿ ಚೊಂಗೆ ಎಂಬ ಸಿಹಿ ರೊಟ್ಟಿ ಮಾಡುತ್ತಾರೆ. ರಾತ್ರಿ ಕುಣಿಯ ಸುತ್ತ ಹಲಗೆಯ ಬಡಿತಕ್ಕೆ ಹೆಜ್ಜೆ ಹಾಕುತ್ತ ರಿವಾಯತ್ ಪದ ಹಾಡುತ್ತಾರೆ. ಹಾಡು ಕನ್ನಡದ್ದು, ಕಥೆ ಕರ್ಬಲಾದ್ದು, ಕಟ್ಟಿದವನು ಯಾವ ಜಾತಿಯವನೂ ಆಗಿರಬಹುದು. ಎಷ್ಟೋ ಊರುಗಳಲ್ಲಿ ಮುಸ್ಲಿಮರ ಒಂದು ಮನೆಯೂ ಇಲ್ಲ. ಹಬ್ಬ ಮಾತ್ರ ತಪ್ಪಿಲ್ಲ.

ಹುಸೇನರ ಬಲಿದಾನದ ಹಿಂದಿನ ರಾತ್ರಿಗೆ ಉರ್ದುವಿನಲ್ಲಿ ಕತ್ಲ್ ಕೀ ರಾತ್, ಕೊಲೆಯ ರಾತ್ರಿ ಎನ್ನುತ್ತಾರೆ. ನಮ್ಮ ಹಳ್ಳಿಗರು ಅದನ್ನು ಕತ್ತಲ ರಾತ್ರಿ ಎಂದರು. ಕಿವಿಗೆ ಬಿದ್ದ ಅರಬ್ಬಿ ಶಬ್ದ ನಾಲಗೆಯ ಮೇಲೆ ಕನ್ನಡವಾಯಿತು. ಭಾಷಾಶಾಸ್ತ್ರಕ್ಕೆ ಇದು ತಪ್ಪು ತಿಳಿವಳಿಕೆ. ನನಗಂತೂ ಇದಕ್ಕಿಂತ ಒಳ್ಳೆಯ ಅನುವಾದ ಕಂಡಿಲ್ಲ. ಒಳ್ಳೆಯವನೊಬ್ಬನನ್ನು ಕೊಲ್ಲುವ ರಾತ್ರಿ ಕತ್ತಲದ್ದಲ್ಲದೆ ಮತ್ತೇನು?

ನೆನಪು ಹೆಸರುಗಳಲ್ಲೂ ಕೂತಿದೆ. ಹರಕೆಯಿಂದ ಹುಟ್ಟಿದ ಮಗುವಿಗೆ ಹುಸೇನಪ್ಪ, ಹುಸೇನಮ್ಮ, ಮೌಲಪ್ಪ, ಇಮಾಮಪ್ಪ, ಫಕೀರಪ್ಪ ಎಂದು ಹೆಸರಿಡುವ ಹಿಂದೂ ಮನೆಗಳು ಈ ಸೀಮೆಯ ತುಂಬ ಇವೆ. ಲಿಂಗಸುಗೂರು ತಾಲ್ಲೂಕಿನ ಮುದ್ಗಲ್ಲಿನ ಮೊಹರಂಗೆ ನೆರೆಯ ರಾಜ್ಯಗಳಿಂದಲೂ ಜನ ಬರುತ್ತಾರೆ. ರಹಮತ್ ತರೀಕೆರೆಯವರ ‘ಕರ್ನಾಟಕದ ಮೊಹರಂ’ ಈ ಲೋಕವನ್ನು ಕನ್ನಡ ಓದುಗರ ಮುಂದೆ ತೆರೆದಿಟ್ಟ ಪುಸ್ತಕ. ಆಂಧ್ರದ ಅನಂತಪುರ ಜಿಲ್ಲೆಯ ಗೂಗೂಡು ಎಂಬ ಹಳ್ಳಿಯ ಪೀರ್ಲ ಹಬ್ಬವನ್ನು ಹಿಡಿದು ಅಫ್ಸರ್ ಮೊಹಮ್ಮದ್ 2013ರಲ್ಲಿ ಇದೇ ಬಗೆಯ ಕೆಲಸ ಮಾಡಿದರು.

ಬೀದರಿನ ಅಷ್ಟೂರಿನಲ್ಲಿ ಇನ್ನೂ ಬೆರಗಿನ ಸಂಗತಿ ಇದೆ. ಅಲ್ಲಿ 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯ ಗೋರಿ ಇದೆ. ಅವನ ಉರುಸು ಹೋಳಿಯ ಆಸುಪಾಸಿನಲ್ಲಿ, ಹಿಂದೂ ಪಂಚಾಂಗದಂತೆ ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಲಿಂಗಾಯತ ಜಂಗಮರು ಪರಿವಾರದೊಂದಿಗೆ ಬಂದು ಗೋರಿಗೆ ಪೂಜೆ ಸಲ್ಲಿಸಿದರೇ ಉರುಸು. ಜನ ಆ ಸುಲ್ತಾನನನ್ನು ಅಲ್ಲಮಪ್ರಭು ಎಂದೂ ನೆನೆಯುತ್ತಾರೆ. ಹೈದರಾಬಾದ್ ರಾಜ್ಯದ ಪುರಾತತ್ವ ನಿರ್ದೇಶಕರಾಗಿದ್ದ ಗುಲಾಂ ಯಜ್ದಾನಿ ಬೀದರಿನ ಮೇಲಿನ 1947ರ ಗ್ರಂಥದಲ್ಲಿ ಈ ಜಾತ್ರೆಯನ್ನು ದಾಖಲಿಸಿದ್ದಾರೆ.

ಅಲ್ಲಮನೇ ನೆನಪಿನಲ್ಲಿ ಮರುಹುಟ್ಟು ಪಡೆದವನು. 12ನೇ ಶತಮಾನದ ಕಲ್ಯಾಣ ಚದುರಿದ ಮೇಲೆ ವಚನಗಳನ್ನು ಕೂಡಿಸಿ ಶೂನ್ಯಸಂಪಾದನೆ ಕಟ್ಟಿದ್ದು 15ನೇ ಶತಮಾನದ ವಿಜಯನಗರದ ವಿರಕ್ತರು. ಚಾಲುಕ್ಯರ ಕಲ್ಯಾಣದ ನೆನಪು 16ನೇ ಶತಮಾನದ ಅರಸರನ್ನೂ ಬಿಡಲಿಲ್ಲ. ವಿಜಯನಗರದ ಅಳಿಯ ರಾಮರಾಯನೂ ಬಿಜಾಪುರದ ಸುಲ್ತಾನರೂ ತಾವೇ ಚಾಲುಕ್ಯರ ವಾರಸುದಾರರೆಂದು ಹಳೆಯ ಕಂಬ, ಕಲ್ಲುಗಳ ಮೂಲಕ ಹೇಳಿಕೊಂಡದ್ದನ್ನು ಇತಿಹಾಸಕಾರರಾದ ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ 2014ರ ಪುಸ್ತಕದಲ್ಲಿ ತೋರಿಸಿದ್ದಾರೆ. ದಖ್ಖನ್ನಿನ ಸ್ಮೃತಿಯ ಅಧ್ಯಯನಕ್ಕೆ ಅದು ಗಟ್ಟಿ ಅಡಿಪಾಯ.

ಪಾಲು ಮತ್ತು ಪಗೆ

ಇಷ್ಟೆಲ್ಲ ಹೇಳಿ ದಖ್ಖನ್ನು ಸೌಹಾರ್ದದ ತವರು, ಯುರೋಪು ಜಗಳದ ಮನೆ ಎಂದು ಮುಗಿಸಿದರೆ ಅದು ಸುಳ್ಳಾಗುತ್ತದೆ. ಇಲ್ಲೂ ಮಂತ್ರಿಗಳ ಕೊಲೆಯಾಗಿದೆ. ನಿಜಾಮನ ರಾಜ್ಯ ಭಾರತಕ್ಕೆ ಸೇರಿದ 1948ರ ನೆನಪು ಹೈದರಾಬಾದಿನಲ್ಲೂ ಕಲ್ಯಾಣ ಕರ್ನಾಟಕದಲ್ಲೂ ಇನ್ನೂ ಹಸಿಗಾಯ: ಒಬ್ಬರಿಗೆ ರಜಾಕಾರರ ಹಾವಳಿ, ಇನ್ನೊಬ್ಬರಿಗೆ ಪೊಲೀಸ್ ಕಾರ್ಯಾಚರಣೆಯ ನಂತರದ ಸಾವುಗಳು. ಹಬ್ಬದ ಮೆರವಣಿಗೆಗಳ ದಿನ ಹಳೇ ಊರಿನಲ್ಲಿ ಕರ್ಫ್ಯೂ ಹಾಕಿದ ದಶಕಗಳನ್ನು ಕಂಡವರು ಇಂದಿಗೂ ಇದ್ದಾರೆ.

ಆದರೂ ಒಂದು ವ್ಯತ್ಯಾಸ ನನಗೆ ಸ್ಪಷ್ಟವಾಗಿ ಕಾಣುತ್ತದೆ. ನವೆಂಬರ್ 5ರ ಆಚರಣೆಯನ್ನು ಕಾನೂನು ವಿಧಿಸಿತು. ಅದರಲ್ಲಿ ಕ್ಯಾಥೊಲಿಕನಿಗೆ ಜಾಗವಿರಲಿಲ್ಲ. ಅಲಾಯಿ ಕುಣಿಯ ಬೆಂಕಿಗೆ ಊರೇ ಸೌದೆ ತಂದಿತು. ಕುಣಿ ಅಗೆ­ಯುವವನು ಒಬ್ಬ, ಹಲಗೆ ಬಡಿಯುವವನು ಒಬ್ಬ, ದೇವರು ಹಿಡಿಯುವವನು ಇನ್ನೊಬ್ಬ, ಸಕ್ಕರೆ ಓದುವವರು ಮುಲ್ಲಾ, ಅಷ್ಟೂರಿನಲ್ಲಿ ಪೂಜೆ ಜಂಗಮರದು. ಪ್ರತಿಯೊಬ್ಬರಿಗೂ ಒಂದು ಬಾಬ್ತು, ಒಂದು ಹಕ್ಕು. ಇವರೆಲ್ಲರ ನಂಬಿಕೆ ಒಂದೇ ಆಗಿರಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಕೆಲಸದಲ್ಲಿ ಪಾಲಿತ್ತು, ಅದರಿಂದ ನೆನಪಿನಲ್ಲೂ ಪಾಲು ಸಿಕ್ಕಿತು. ಅರಸ ಕಟ್ಟಿಸಿದ ಆಶೂರಖಾನ ಅರಸನೊಂದಿಗೆ ನೂರು ವರ್ಷ ಮುಚ್ಚಿತ್ತು. ಊರು ಹಂಚಿಕೊಂಡ ಕುಣಿ ಮಾತ್ರ ವರ್ಷವರ್ಷ ಅಗೆಸಿಕೊಳ್ಳುತ್ತಲೇ ಬಂತು.

ನನ್ನ ಆತಂಕ ಇರುವುದೂ ಇಲ್ಲೇ. ಈ ಹಬ್ಬ ನಮ್ಮ ಧರ್ಮದ್ದಲ್ಲ ಎನ್ನುವ ಉಪದೇಶ ಈಗ ಎರಡೂ ಕಡೆಯಿಂದ ಬರುತ್ತಿದೆ. ಹಲಗೆ ಬಡಿಯುತ್ತಿದ್ದ ಮನೆಯ ಹುಡುಗ ನಗರದಲ್ಲಿ ಕೆಲಸಕ್ಕಿದ್ದಾನೆ. ದೇವರು ಹಿಡಿಯುತ್ತಿದ್ದವನ ಮಗ ಹಿಡಿಯಲು ಹಿಂಜರಿಯುತ್ತಾನೆ. ಮೂರ್ತಿ ಒಡೆದರೆ, ಗುಮ್ಮಟ ಬಿದ್ದರೆ ಸುದ್ದಿಯಾಗುತ್ತದೆ. ಒಂದು ಪಾಲು ಕಳಚಿಕೊಂಡಾಗ ಸದ್ದೇ ಆಗುವುದಿಲ್ಲ.

ಆದ್ದರಿಂದ ನಮ್ಮ ವಿಶ್ವವಿದ್ಯಾಲಯಗಳು ಈಗ ಮಾಡಬೇಕಾದ ಕೆಲಸ ದೊಡ್ಡ ಸಿದ್ಧಾಂತದ್ದಲ್ಲ. ಊರೂರಿಗೆ ಹೋಗಿ, ಕುಣಿ ಯಾರು ಅಗೆಯುತ್ತಾರೆ, ಮೊದಲ ಸೌದೆ ಯಾರ ಮನೆಯದು, ಪದ ಯಾರು ಹೇಳಿಕೊಟ್ಟರು, ಹೊಳೆಗೆ ದೇವರನ್ನು ಯಾರು ಹೊತ್ತು ಹೋಗುತ್ತಾರೆ ಎಂದು ಕೇಳಿ ಬರೆದಿಡಬೇಕು. ಬಾದಶಾಹಿ ಆಶೂರಖಾನದ ಗೋಡೆಯಲ್ಲಿ ಹೊಳೆ ಕಿತ್ತುಕೊಂಡು ಹೋದ ಟೈಲುಗಳ ಜಾಗವನ್ನು ತುಂಬಿದ ಬಣ್ಣಗಾರನ ಕಣ್ಣ ಮುಂದೆ ಮೇಲಿನ ವಿನ್ಯಾಸ ಇನ್ನೂ ಇತ್ತು. ನೋಡಿ ಬರೆಯಲು ಅಷ್ಟಾದರೂ ನಮ್ಮ ಮಕ್ಕಳಿಗೆ ಉಳಿಯಲಿ.